ಕೈಗೆಟುಕುವ ಸಾಲು

“ನಿಮ್ಮ ಓದಿನ ಅಭಿರುಚಿ ಯಾವುದು?” ಎಂದು ಯಾರಾದರೂ ಕೇಳಿದಾಗ ಬಹುಮಂದಿ ತಾವು ನಿಜವಾಗಿ ಓದುವ ಪುಸ್ತಕಗಳ ಹೆಸರನ್ನು ಹೇಳುವುದಿಲ್ಲ; ಓದಬೇಕೆಂದು ಕೊಂಡಿಟ್ಟಿರುವ ಪುಸ್ತಕಗಳ ಹೆಸರನ್ನು ಹೇಳುತ್ತಾರೆ. ಇದರಲ್ಲಿ ಕಪಟವೇನೂ ಇಲ್ಲ. ಅತಿಥಿಗಳು ಬಂದಾಗ ಒಳ್ಳೆಯ ಲೋಟಗಳನ್ನೇ ಹೊರಗೆ ತೆಗೆಯುತ್ತೇವಲ್ಲವೆ, ಹಾಗೆ. ಆದರೆ ಒಬ್ಬನ ರುಚಿಯನ್ನು ತಿಳಿಯಬೇಕಾದರೆ, ಅವನು ಕುರ್ಚಿ ಹತ್ತದೆ, ಸೊಂಟ ಬಗ್ಗಿಸದೆ, ಕೂತಲ್ಲಿಂದಲೇ ಕೈ ಚಾಚಿದರೆ ಸಿಗುವ ಸಾಲಿನಲ್ಲಿ ಏನೇನಿದೆ ಎಂಬುದನ್ನು ನೋಡಬೇಕು. ಈ ಹೊತ್ತು ನನ್ನ ಕಪಾಟಿನ ಆ ಸಾಲಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆ ಸಾಲಿನಲ್ಲಿ ಮಹಾಕಾವ್ಯಗಳಿಲ್ಲ. ದಪ್ಪ ಕಾದಂಬರಿಗಳು ಒಂದೆರಡು ಮಾತ್ರ. ಉಳಿದುವೆಲ್ಲ ಪ್ರಬಂಧ, ವ್ಯಕ್ತಿಚಿತ್ರ, ಆತ್ಮಕಥೆ, ಪ್ರವಾಸಕಥನ. ಸಾಹಿತ್ಯ ವಿಮರ್ಶೆಯ ಪಂಕ್ತಿಯಲ್ಲಿ ಇವಕ್ಕೆ ಎಲೆ ಹಾಕುವುದು ಕಟ್ಟಕಡೆಗೆ. ಕಾವ್ಯ, ನಾಟಕ, ಕಾದಂಬರಿ, ಸಣ್ಣಕತೆಗಳಿಗೆ ಬಡಿಸಿದ ಮೇಲೆ ಉಳಿದದ್ದು ಇವುಗಳ ಪಾಲು. ಸಾಹಿತ್ಯ ಚರಿತ್ರೆಗಳಲ್ಲಿ ‘ಇತರ ಪ್ರಕಾರಗಳು’ ಎಂಬ ಒಂದು ಅಧ್ಯಾಯ ಇರುವುದುಂಟು. ಮುಖ್ಯ ಊಟ ಮುಗಿದ ಮೇಲೆ ಅದು ಬರುತ್ತದೆ. ಆ ‘ಇತರ’ದ ಪರವಾಗಿ ವಕಾಲತ್ತು ವಹಿಸುವುದು ನನ್ನ ಉದ್ದೇಶ. ಅದನ್ನು ಮೊದಲೇ ಹೇಳಿಬಿಡುವುದು ಮೇಲು.

ರುಚಿ ಹುಟ್ಟುವುದು ಆಯ್ಕೆಯಿಂದ ಎಂದು ನಾವು ಭಾವಿಸುತ್ತೇವೆ. ನನ್ನ ಅನುಭವದಲ್ಲಿ ಅದು ಹುಟ್ಟುವುದು ದೊರೆತದ್ದರಿಂದ. ನಾನು ಬೆಳೆದದ್ದು ರಾಜಾಜಿನಗರದಲ್ಲಿ, 1960ರ ದಶಕದಲ್ಲಿ. ಬಡಾವಣೆ ಆಗಿನ್ನೂ ಹೊಸದು. ಒಂದು ಕಡೆ ಕೈಗಾರಿಕಾ ಉಪನಗರ. ಇನ್ನೊಂದು ಕಡೆ ಸಾಲುಮನೆಗಳು, ಖಾಲಿ ನಿವೇಶನಗಳು, ಅವುಗಳ ನಡುವೆ ಹುರುಳಿ ಹೊಲದ ತುಂಡುಗಳು. ಕಾರ್ಖಾನೆಯ ಪಾಳಿ ಮುಗಿಸಿ ಬರುವವರು, ಮಾಗಡಿ ರಸ್ತೆಯ ಕಡೆಯ ಮಿಲ್ಲುಗಳಿಗೆ ಹೋಗುವವರು, ಸರ್ಕಾರಿ ಕಚೇರಿಯ ಗುಮಾಸ್ತರು, ಮೇಷ್ಟರುಗಳು, ಇವರೇ ನಮ್ಮ ನೆರೆಹೊರೆ. ಪುಸ್ತಕ ಕೊಳ್ಳುವ ಶಕ್ತಿ ಇವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಆದರೆ ಓದುವ ಹಸಿವು ಬಲವಾಗಿತ್ತು. ಆ ಹಸಿವಿಗೆ ಅನ್ನ ಹಾಕಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿ.

ಈಗಿನ ಎಳೆಯರಿಗೆ ಅದರ ವ್ಯವಸ್ಥೆಯನ್ನು ವಿವರಿಸಬೇಕಾದೀತು. ದರ್ಜಿಯ ಅಂಗಡಿಗೂ ಸೀಮೆಎಣ್ಣೆ ಡಿಪೋಗೂ ನಡುವೆ, ಎಂಟು ಅಡಿ ಅಗಲದ ಒಂದು ಮಳಿಗೆ. ಮೂರು ಗೋಡೆಗೂ ಹಲಗೆಗಳು. ಪ್ರತಿ ಪುಸ್ತಕಕ್ಕೂ ಕಂದು ಕಾಗದದ ಹೊದಿಕೆ, ಬೆನ್ನಿನ ಮೇಲೆ ಶಾಯಿಯಲ್ಲಿ ಬರೆದ ಅಂಕಿ. ಠೇವಣಿ ಇಟ್ಟು ಸದಸ್ಯರಾಗಬೇಕು. ಪುಸ್ತಕವೊಂದಕ್ಕೆ ದಿನಕ್ಕೆ ಇಷ್ಟು ಪೈಸೆ ಎಂದು ಬಾಡಿಗೆ. ದಿನದ ಲೆಕ್ಕವಾದ್ದರಿಂದ ಓದು ಬಿರುಸಾಗಿ ನಡೆಯುತ್ತಿತ್ತು. ಸಂಜೆ ತಂದದ್ದನ್ನು ರಾತ್ರಿ ಅಪ್ಪ, ಬೆಳಿಗ್ಗೆ ಅಮ್ಮ, ಮಧ್ಯಾಹ್ನ ಅತ್ತೆ, ಶಾಲೆಯಿಂದ ಬಂದ ಮೇಲೆ ನಾನು ಓದಿ, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿಸಬೇಕು. ಒಂದೇ ಬಾಡಿಗೆಗೆ ನಾಲ್ಕು ಓದು! ಅರ್ಥಶಾಸ್ತ್ರಜ್ಞರು ಇದನ್ನು ಯಾವ ಅಂಕಿ ಅಂಶದಲ್ಲಿ ಸೇರಿಸುತ್ತಾರೋ ನಾನರಿಯೆ.

ಅಲ್ಲಿ ಹುಡುಗರಿಗೆ ಮೊದಲು ಸಿಗುತ್ತಿದ್ದುದು ಪತ್ತೇದಾರಿ ಕಾದಂಬರಿ. ಎನ್. ನರಸಿಂಹಯ್ಯನವರು ಇಂಥ ಕಾದಂಬರಿಗಳನ್ನು ನೂರುಗಟ್ಟಲೆ ಬರೆದರು. ಅವರ ಪುರುಷೋತ್ತಮ, ಮಧುಸೂದನ ಮೊದಲಾದ ಪತ್ತೇದಾರರು ನಮಗೆ ಚಿಕ್ಕಪ್ಪಂದಿರಷ್ಟು ಪರಿಚಿತರಾಗಿದ್ದರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ವಿದ್ವಾಂಸರು ಇವನ್ನೆಲ್ಲ ಸಾಹಿತ್ಯವೆಂದು ಎಣಿಸಲಿಲ್ಲ. ಎಣಿಸಬೇಕೆಂದು ನಾನೂ ಹಟ ಹಿಡಿಯುವುದಿಲ್ಲ. ಆದರೆ ಒಂದು ಮಾತನ್ನು ಹೇಳಲೇಬೇಕು: ಕಾಲುಭಾಗ ಓದಿದ ಪುಸ್ತಕವನ್ನು ಕೆಳಗಿಡಲಾರದ ಸಂಕಟ ಎಂಥದೆಂದು ಒಂದಿಡೀ ತಲೆಮಾರಿಗೆ ತಿಳಿಸಿಕೊಟ್ಟವರು ಇವರು. ಪಂಪನನ್ನೋ ಕುಮಾರವ್ಯಾಸನನ್ನೋ ಮುಂದೆ ಓದಲು ಹೋದ ಎಷ್ಟೋ ಜನ ಈ ಸಂದಿಯಿಂದಲೇ ಒಳಗೆ ಬಂದವರು.

ನನ್ನ ತಾಯಿ ಲೋವರ್ ಸೆಕೆಂಡರಿಯವರೆಗೂ ಓದಿರಲಿಲ್ಲ. ಆಕೆಯ ಸಾಹಿತ್ಯ ಲೋಕವೆಂದರೆ ತ್ರಿವೇಣಿ ಮತ್ತು ಎಂ. ಕೆ. ಇಂದಿರಾ. ಆಗ ಈ ಬಗೆಯ ಪುಸ್ತಕಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಮೂದಲಿಸುವ ಗಂಡಸರ ಗುಂಪೊಂದಿತ್ತು. ಅವರಲ್ಲಿ ಹಲವರು ಅವೇ ಪುಸ್ತಕಗಳನ್ನು ಗುಟ್ಟಾಗಿ ಓದುತ್ತಿದ್ದರೆಂಬುದು ಬೇರೆ ಮಾತು. ತ್ರಿವೇಣಿಯವರು 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅಷ್ಟು ಅಲ್ಪಾಯುಷ್ಯದಲ್ಲಿ ಅವರು ಮಾಡಿದ ಕೆಲಸ ಸಣ್ಣದಲ್ಲ. ಮನಸ್ಸಿನ ಬೇನೆಯೂ ಮೈಯ ಬೇನೆಯಂತೆಯೇ ಎಂದು ಕನ್ನಡದ ಗೃಹಿಣಿಯರಿಗೆ ಮೊದಲು ಹೇಳಿದವರು ಅವರು. ‘ಶರಪಂಜರ’ವನ್ನು ಮುಗಿಸಿದ ದಿನ ಅಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ವಾಸಿಯಾಗಿ ಬಂದ ಮೇಲೂ ಅವಳನ್ನ ಒಬ್ಬರೂ ನಂಬಲಿಲ್ಲವಲ್ಲೋ. ಅವಳ ಗಂಡನನ್ನ ಯಾರೂ ಏನೂ ಕೇಳಲೇ ಇಲ್ಲ” ಎಂದಳು. ಆ ಕಾದಂಬರಿಯನ್ನು ಕುರಿತು ನಾನು ಆಮೇಲೆ ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ಹೆಚ್ಚಿನದನ್ನು ಹೇಳಲಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರ ಬಂದಾಗ ಆಕೆ ನೋಡಲು ಬರಲೊಪ್ಪಲಿಲ್ಲ. “ಒಂದು ಸಲ ನೋಡಿದ್ದಾಯಿತು” ಎಂದಳು. ಓದಿದ್ದನ್ನೇ ನೋಡಿದ್ದು ಎನ್ನುತ್ತಿದ್ದಳು.

ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂತು. ಬಾಲವಿಧವೆಯೊಬ್ಬಳ ಬದುಕು. ಅದು ಕಟ್ಟುಕತೆಯಲ್ಲ, ಲೇಖಕಿಯ ವಂಶದಲ್ಲೇ ಬಾಳಿದ ಹೆಣ್ಣುಮಗಳೊಬ್ಬಳ ಕತೆ, ಮನೆಯ ಹೆಂಗಸರ ಬಾಯಿಂದ ಬಾಯಿಗೆ ಬಂದದ್ದು. ಅದನ್ನು ಓದುತ್ತಿದ್ದಾಗಲೇ ನನ್ನ ರುಚಿ ಯಾವ ಕಡೆಗೆ ವಾಲುತ್ತಿದೆ ಎಂಬುದು ನನಗೆ ಸ್ಪಷ್ಟವಾದದ್ದು. ಕತೆಗಾರನು ಕಲ್ಪಿಸಿದ ದುಃಖಕ್ಕೆ ಒಂದು ಕೊನೆಯನ್ನು ಅವನೇ ಗೊತ್ತುಮಾಡಬಹುದು. ನಡೆದುಹೋದ ದುಃಖಕ್ಕೆ ಆ ಸೌಲಭ್ಯವಿಲ್ಲ. ಇದ್ದದ್ದನ್ನು ಇದ್ದಂತೆ ಹೊತ್ತುಕೊಂಡು ಅದಕ್ಕೆ ಮಾತು ಕೊಡಬೇಕಾದ ಬರಹದಲ್ಲಿ ಒಂದು ಬಗೆಯ ಬಿಗಿಯುಂಟು. ಆ ಬಿಗಿ ನನಗೆ ಪ್ರಿಯವಾಯಿತು.

ಇನ್ನು ಪ್ರಬಂಧ. ಈ ಹೆಸರಿನಲ್ಲೇ ಒಂದು ತಮಾಷೆಯುಂಟು. ಫ್ರಾನ್ಸಿನ ಮಾಂಟೇನ್ ಎಂಬಾತ 1580ರಲ್ಲಿ ತನ್ನ ಬರಹಗಳನ್ನು ಅಚ್ಚು ಮಾಡಿಸಿದಾಗ ಅವಕ್ಕೆ ‘ಎಸ್ಸೆ’ ಎಂದು ಹೆಸರಿಟ್ಟ. ‘ಪ್ರಯತ್ನ’, ‘ತೂಗಿ ನೋಡುವುದು’ ಎಂದು ಅದರ ಅರ್ಥ. ಎಂದರೆ, ನಾನು ಖಚಿತವಾಗಿ ಹೇಳುತ್ತಿಲ್ಲ, ಸುಮ್ಮನೆ ಪರೀಕ್ಷಿಸಿ ನೋಡುತ್ತಿದ್ದೇನೆ ಎಂಬ ವಿನಯ. ಅದು ಇಂಗ್ಲಿಷಿನ ಚಾರ್ಲ್ಸ್ ಲ್ಯಾಂಬ್ ಮುಂತಾದವರ ಮೂಲಕ ನಮ್ಮ ಕಾಲೇಜು ಅಧ್ಯಾಪಕರ ಕೈಗೆ ಬಂತು. ನಾವು ಅದಕ್ಕೆ ಕೊಟ್ಟ ಹೆಸರು ‘ಪ್ರಬಂಧ’. ಪ್ರಬಂಧವೆಂದರೆ ಚೆನ್ನಾಗಿ ಕಟ್ಟಿದ್ದು, ಬಿಗಿಯಾಗಿ ಬಂಧಿಸಿದ್ದು! ಸಡಿಲವಾಗಿರುವುದೇ ಯಾವುದರ ಜೀವಾಳವೋ ಅದಕ್ಕೆ ಬಿಗಿಯ ಹೆಸರು. ಆಮೇಲೆ ಇದು ಸರಿಹೋಗಲಿಲ್ಲವೆಂದು ತೋರಿ, ಗಂಟನ್ನು ಕೊಂಚ ಸಡಿಲಿಸಲು ‘ಲಲಿತ’ ಎಂಬ ವಿಶೇಷಣವನ್ನು ಅಂಟಿಸಿದರು. ಈ ‘ಲಲಿತ’ವೇ ಪ್ರಕಾರಕ್ಕೆ ಮುಳುವಾಯಿತೆಂದು ನನ್ನ ಅಭಿಪ್ರಾಯ. ಲಲಿತವೆಂದೊಡನೆ ಜನ ಅದನ್ನು ಹಗುರವೆಂದುಕೊಂಡರು; ಹಗುರವೆಂದ ಮೇಲೆ ನಗಿಸಲೇಬೇಕೆಂಬ ನಿರ್ಬಂಧ ಬಂತು; ಕೊಡೆ, ಕನ್ನಡಕ, ನೆಗಡಿ ಇವುಗಳ ಮೇಲೆ ಶಾಲಾ ಪಠ್ಯಕ್ಕೆಂದೇ ಹೇಳಿ ಬರೆಸಿದಂಥ ಪ್ರಬಂಧಗಳು ರಾಶಿ ಬಿದ್ದವು.

ನಿಜವಾದ ಪ್ರಬಂಧ ಎಂಥದೆಂದು ನೋಡಬೇಕಾದರೆ ಎ. ಎನ್. ಮೂರ್ತಿರಾಯರನ್ನು ಓದಬೇಕು. ಅವರು ಹುಟ್ಟಿದ್ದು 1900ರಲ್ಲಿ, ತೀರಿಕೊಂಡದ್ದು 2003ರಲ್ಲಿ. ಅವರ ಮೊದಲ ಸಂಗ್ರಹ ‘ಹಗಲುಗನಸುಗಳು’ 1937ರದು. ‘ದೇವರು’ ಎಂಬ ಪುಸ್ತಕ 1991ರದು, ಎಂದರೆ ತೊಂಬತ್ತು ದಾಟಿದ ಮೇಲೆ. ದೇವರಲ್ಲಿ ತಮಗೆ ನಂಬಿಕೆಯಿಲ್ಲ ಎಂಬುದನ್ನು ಆ ವಯಸ್ಸಿನಲ್ಲಿ, ಯಾರನ್ನೂ ಗದರಿಸದೆ, ನಂಬುವವರನ್ನು ಲೇವಡಿ ಮಾಡದೆ, ಮನೆಯ ಜಗಲಿಯ ಮೇಲೆ ಕೂತು ಮಾತನಾಡುವವರ ಹಾಗೆ ಬರೆದರು. ಆ ಪುಸ್ತಕದ ಅಭಿಪ್ರಾಯವನ್ನು ನೀವು ಒಪ್ಪಬೇಕಾಗಿಲ್ಲ. ನಿತ್ಯ ಸಂಧ್ಯಾವಂದನೆ ಮಾಡುವ ನನ್ನ ಮಿತ್ರರೊಬ್ಬರು ಅದನ್ನು ಮೂರು ಸಲ ಓದಿದ್ದಾರೆ. ಪ್ರಬಂಧದ ಗುಣ ಇದೇ. ಇಲ್ಲಿ ವಾದಕ್ಕಿಂತ ವಾದಿಸುವವನ ಧ್ವನಿ ಮುಖ್ಯ. ಧ್ವನಿ ನಂಬುವಂಥದ್ದಾದರೆ ಒಪ್ಪದ ಮಾತನ್ನೂ ಕೊನೆಯವರೆಗೆ ಕೇಳುತ್ತೇವೆ. ಇದನ್ನು ಹಗುರವೆನ್ನುವುದು ಹೇಗೆ?

ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರದು ಬೇರೆ ಬಗೆ. ಅವರು ಯೋಚಿಸುವುದಕ್ಕಿಂತ ತೋರಿಸುವುದು ಹೆಚ್ಚು. ‘ಹಳ್ಳಿಯ ಚಿತ್ರಗಳು’ 1930ರ ಪುಸ್ತಕ. ಹೇಮಾವತಿಯ ದಡದ ಗೊರೂರಿನ ಬಸ್ಸು, ಜಗಳ, ಜಾತ್ರೆ, ಜಿಪುಣರು, ರಸಿಕರು ಎಲ್ಲರೂ ಅವರ ಬರಹದಲ್ಲಿ ಇದ್ದಾರೆ. ಅದೇ ಗೊರೂರಿನಲ್ಲಿ ಈಗ ಹೇಮಾವತಿಗೆ ಅಣೆಕಟ್ಟು ಇದೆ. ಅಣೆಕಟ್ಟಿನ ಹಿಂದಿನ ಆ ನದಿಯನ್ನು ನೋಡಬೇಕೆನ್ನುವವರು ಈಗ ಗೊರೂರರ ಪುಟಗಳಿಗೇ ಹೋಗಬೇಕು. ವಯಸ್ಸಾದ ಮೇಲೆ ಅಮೆರಿಕಕ್ಕೆ ಹೋಗಿ ಬಂದು ಅವರು ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಹೆಸರನ್ನು ಗಮನಿಸಿ: ಅಮೆರಿಕಕ್ಕೆ ಹೋದದ್ದು ಒಬ್ಬ ಮನುಷ್ಯನಲ್ಲ, ಊರಿಗೆ ಊರೇ ಹೋದಂತಿದೆ.

ವ್ಯಕ್ತಿಚಿತ್ರಕ್ಕೆ ಬಂದರೆ, ಕನ್ನಡದಲ್ಲಿ ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳ ಪಕ್ಕದಲ್ಲಿ ಇಡಬಹುದಾದದ್ದು ಹೆಚ್ಚೇನಿಲ್ಲ. ಅವರು ದಿವಾನರನ್ನು ಕುರಿತು ಒಂದು ಸಂಪುಟ ಬರೆದರು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ ಮೊದಲಾದವರೆಲ್ಲ ಅಲ್ಲಿದ್ದಾರೆ. ಆದರೆ ನಾನು ಮತ್ತೆ ಮತ್ತೆ ಹೋಗುವುದು ‘ಹೃದಯ ಸಂಪನ್ನರು’, ‘ವೈದಿಕ ಧರ್ಮ ಸಂಪ್ರದಾಯಸ್ಥರು’, ‘ಕಲೋಪಾಸಕರು’ ಈ ಸಂಪುಟಗಳಿಗೆ. ಯಾವ ಗೆಜೆಟ್ಟಿನಲ್ಲೂ ಹೆಸರು ಬಾರದ ಪುರೋಹಿತರು, ಹಾಡುಗಾರರು, ಬಡ ಗೃಹಸ್ಥರು ಇಲ್ಲಿ ದಿವಾನರಷ್ಟೇ ಗೌರವದಿಂದ ಬಂದು ಕೂರುತ್ತಾರೆ. ಡಿ.ವಿ.ಜಿ. ಅವರು ಯಾರನ್ನೂ ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಒಬ್ಬರ ಮುಂಗೋಪ, ಇನ್ನೊಬ್ಬರ ತಿಂಡಿಯ ಚಪಲ, ಮತ್ತೊಬ್ಬರ ಹಟ, ಎಲ್ಲವನ್ನೂ ಹೇಳುತ್ತಾರೆ. ಹೇಳಿದ ಮೇಲೂ ಆ ವ್ಯಕ್ತಿ ನಮ್ಮ ಕಣ್ಣಲ್ಲಿ ಕುಗ್ಗುವುದಿಲ್ಲ. ಈ ವಿದ್ಯೆ ನಮ್ಮಲ್ಲಿ ತೆಳುವಾಗುತ್ತಿದೆ ಎಂಬ ಆತಂಕ ನನ್ನದು. ವ್ಯಕ್ತಿಚಿತ್ರದ ಸ್ಥಾನಕ್ಕೆ ಅಭಿನಂದನ ಗ್ರಂಥ ಬಂದಿದೆ. ಅಭಿನಂದನ ಗ್ರಂಥದಲ್ಲಿ ಮೂವತ್ತು ಲೇಖಕರು ಸೇರಿ ಒಬ್ಬರನ್ನು ಹೊಗಳುತ್ತಾರೆ; ಪುಸ್ತಕ ಮುಚ್ಚಿದಾಗ ಆ ಒಬ್ಬರು ಹೇಗಿದ್ದರು, ಏನು ತಿನ್ನುತ್ತಿದ್ದರು, ಯಾವ ಮಾತಿಗೆ ಸಿಟ್ಟಾಗುತ್ತಿದ್ದರು, ಒಂದೂ ತಿಳಿಯುವುದಿಲ್ಲ. ಮನುಷ್ಯ ಎರಡನೆಯ ಸಲ ಸಾಯುವುದು ಇಂಥ ಗ್ರಂಥಗಳಲ್ಲಿ.

ನಮ್ಮ ಬಡಾವಣೆಗೆ ಹೆಸರು ಕೊಟ್ಟ ರಾಜಾಜಿಯವರಿಗೂ ನನ್ನ ಪ್ರಿಯ ಪುಸ್ತಕವೊಂದಕ್ಕೂ ಒಂದು ನಂಟುಂಟು. ರಾಜಾಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗಿನಿಂದ ಅವರಿಗೆ ಜೀವದ ಗೆಳೆಯರಾಗಿದ್ದವರು ನವರತ್ನ ರಾಮರಾಯರು. ಗೆಳೆಯ ದೇಶದ ರಾಜಕಾರಣಕ್ಕೆ ಹೋದರೆ ಇವರು ಮೈಸೂರು ಸರ್ಕಾರದ ಅಮಲ್ದಾರರಾದರು. ಇವರ ‘ಕೆಲವು ನೆನಪುಗಳು’ ಪುಸ್ತಕವನ್ನು ಓದಿದವರಿಗೆ ಹಳೆಯ ಮೈಸೂರಿನ ತಾಲ್ಲೂಕು ಆಡಳಿತ ಒಂದು ಕಚೇರಿಯ ವ್ಯವಹಾರವಾಗಿ ಅಲ್ಲ, ಮನುಷ್ಯರ ವ್ಯವಹಾರವಾಗಿ ಕಾಣುತ್ತದೆ. ಇದರ ಜೊತೆಗೆ ಓದಬೇಕಾದದ್ದು ಎಂ. ಆರ್. ಶ್ರೀನಿವಾಸಮೂರ್ತಿಯವರ ‘ರಂಗಣ್ಣನ ಕನಸಿನ ದಿನಗಳು’. ಅದು ಹೆಸರಿಗೆ ಕಾದಂಬರಿ. ನಿಜದಲ್ಲಿ ಶಾಲಾ ಇನ್ಸ್‌ಪೆಕ್ಟರೊಬ್ಬನ ಅನುಭವ ಕಥನ. ಇಂದಿಗೂ ಪ್ರತಿಯೊಬ್ಬ ಮೇಷ್ಟರೂ ಓದಬೇಕಾದದ್ದು.

ಆತ್ಮಕಥೆಗಳಲ್ಲಿ ದೊಡ್ಡವರ ದೊಡ್ಡ ಪುಸ್ತಕಗಳಿವೆ. ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಮಾಸ್ತಿಯವರ ‘ಭಾವ’, 1980ರಲ್ಲಿ ಬಂದ ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’. ಕೊನೆಯದನ್ನು ನಾನು ಒಂದೇ ಆಗಿ ಓದುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ವಿನ ಜೊತೆಗೆ ಓದುತ್ತೇನೆ. ತಂದೆ ತನ್ನ ಬಾಲ್ಯವನ್ನು ಹಿಮ್ಮೊಗವಾಗಿ ನೋಡುತ್ತಾನೆ; ಮಗ ಅದೇ ತಂದೆಯನ್ನು ಮೈಸೂರಿನ ‘ಉದಯರವಿ’ ಮನೆಯ ಒಳಗಿನಿಂದ, ತಂಟೆಕೋರ ಹುಡುಗನ ಕಣ್ಣಿನಿಂದ ನೋಡುತ್ತಾನೆ. ಮಹಾಕವಿಯೊಬ್ಬ ಮನೆಯಲ್ಲಿ ಅಪ್ಪನಾಗಿ ಹೇಗಿದ್ದಾನು ಎಂಬ ನಮ್ಮ ಕುತೂಹಲ ಸಣ್ಣತನದ್ದಲ್ಲ ಎಂದು ಈ ಪುಸ್ತಕ ಸಿದ್ಧಮಾಡಿಕೊಟ್ಟಿತು.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಅಲುಗಿಸಿದ ಆತ್ಮಕಥೆ ಸಿದ್ಧಲಿಂಗಯ್ಯನವರ ‘ಊರು ಕೇರಿ’. ಅವರು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದವರು. ಶ್ರೀರಾಮಪುರವೆಂದರೆ ರಾಜಾಜಿನಗರದ ಮಗ್ಗುಲು. ನಾನು ಸರ್ಕ್ಯುಲೇಟಿಂಗ್ ಲೈಬ್ರರಿಯ ಹಲಗೆಗಳ ಮುಂದೆ ನಿಂತಿರುತ್ತಿದ್ದ ಕಾಲದಲ್ಲೇ, ಕಾಲುಹಾದಿಯ ದೂರದಲ್ಲಿ, ನನಗಿಂತ ಎಷ್ಟೋ ಚೆನ್ನಾಗಿ ಓದುತ್ತಿದ್ದ ಹುಡುಗನೊಬ್ಬನಿಗೆ ಕೂತು ಓದಲು ಸ್ಮಶಾನವೇ ನೆಮ್ಮದಿಯ ಜಾಗವಾಗಿತ್ತು. ಇದನ್ನು ಅವರು ಗೋಳಾಗಿ ಹೇಳುವುದಿಲ್ಲ. ಹಸಿವಿನ ಪ್ರಸಂಗವನ್ನೂ ಅವಮಾನದ ಪ್ರಸಂಗವನ್ನೂ ಅವರು ನಗುತ್ತ ಹೇಳುತ್ತಾರೆ. ಓದುವಾಗ ನಾವೂ ನಗುತ್ತೇವೆ. ನಕ್ಕು ಮುಗಿಸಿದ ಮೇಲೆ ನಕ್ಕದ್ದು ಯಾವುದಕ್ಕೆ ಎಂದು ಗೊತ್ತಾಗಿ ಗಂಟಲು ಕಟ್ಟುತ್ತದೆ. 1975ರಲ್ಲಿ ಬಂದ ‘ಹೊಲೆಮಾದಿಗರ ಹಾಡು’ ಸಂಗ್ರಹದಲ್ಲಿ ಸಿಡಿಲಿನಂತೆ ಮಾತನಾಡಿದ ಕವಿಯೇ ಇಷ್ಟು ತಣ್ಣನೆಯ ಗದ್ಯವನ್ನು ಬರೆದದ್ದು ಹೇಗೆಂಬುದು ಸೋಜಿಗ. ಅವರು 2021ರಲ್ಲಿ ಕೊರೋನಾದಿಂದ ತೀರಿಕೊಂಡರು. ಆ ಪುಸ್ತಕವನ್ನು ಓದಿದ ಮೇಲೆ ನನ್ನ ಬಾಲ್ಯದ ಬಡಾವಣೆಯ ನಕ್ಷೆಯೇ ಬದಲಾಯಿತು; ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆನೋ ಅಲ್ಲಿಂದ ಇನ್ನೊಂದು ಊರು ಶುರುವಾಯಿತು. ‘ಇತರ ಪ್ರಕಾರ’ಗಳಿಗೆ ಈ ಶಕ್ತಿಯಿದೆ ಎಂದು ತೋರಿಸಲು ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಮೆಟ್ರೋ ರೈಲು 2014ರಲ್ಲಿ ಈ ಭಾಗಕ್ಕೆ ಬಂದಾಗ ನಿಲ್ದಾಣಗಳಿಗೆ ಇಟ್ಟ ಹೆಸರನ್ನು ಕೇಳಿ ನನಗೆ ಸಂತೋಷವಾಯಿತು. ಶ್ರೀರಾಮಪುರ, ಅದರ ಮುಂದಿನದು ಕುವೆಂಪು ರಸ್ತೆ, ಅದರ ಮುಂದಿನದು ರಾಜಾಜಿನಗರ. ಯಾರೂ ಉದ್ದೇಶಪಟ್ಟು ಜೋಡಿಸಿದ್ದಲ್ಲ. ಆದರೂ ನನ್ನ ಕೈಗೆಟುಕುವ ಸಾಲಿನ ಮೂರು ಆತ್ಮಕಥೆಗಳು ಅಲ್ಲಿ ಒಂದರ ಪಕ್ಕ ಒಂದು ನಿಂತಿವೆ.

ಬಡಾವಣೆಗಳ ಹೆಸರಿನ ಮಾತು ಬಂದದ್ದರಿಂದ ಇನ್ನೆರಡನ್ನು ಸೇರಿಸುತ್ತೇನೆ. ನಾನು ಸಂಸಾರ ಹೂಡಿದ್ದು ಬಸವೇಶ್ವರನಗರದಲ್ಲಿ. ವಚನಗಳನ್ನು ನಾನು ಓದುವುದು ಬೆಳಿಗ್ಗೆ, ಒಂದು ಅಥವಾ ಎರಡು, ಅದಕ್ಕಿಂತ ಹೆಚ್ಚಿಲ್ಲ. ಓದುವಾಗೆಲ್ಲ ಫ. ಗು. ಹಳಕಟ್ಟಿಯವರನ್ನು ನೆನೆಯುತ್ತೇನೆ. ಓಲೆಗರಿಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ವಚನಗಳನ್ನು ಹುಡುಕಿ ತಂದು, 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಹೊರತಂದು, ತಮ್ಮದೇ ಮುದ್ರಣಾಲಯ ಹಾಕಿ, ಇದ್ದದ್ದನ್ನೆಲ್ಲ ಅದಕ್ಕೇ ಸುರಿದ ವಿಜಯಪುರದ ಆ ವಕೀಲರು ಇಲ್ಲದಿದ್ದರೆ ನಮ್ಮ ಬಡಾವಣೆಯ ಹೆಸರಿನ ಹಿಂದೆ ಇಷ್ಟು ಮಾತುಗಳು ಉಳಿಯುತ್ತಿರಲಿಲ್ಲ. ಇನ್ನು ವಿಜಯನಗರ. ಐತಿಹಾಸಿಕ ಕಾದಂಬರಿಯ ಹುಚ್ಚು ನನಗೂ ಇತ್ತು. ಗಳಗನಾಥರ ‘ಮಾಧವ ಕರುಣಾವಿಲಾಸ’ದಿಂದ ತ. ರಾ. ಸು. ಅವರ ‘ದುರ್ಗಾಸ್ತಮಾನ’ದವರೆಗೆ ಓದಿದೆ. ಈಗ ಆ ಹುಚ್ಚು ಇಳಿದಿದೆ. ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದ ಕೊನೆಯಲ್ಲಿ ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ಬರೆದಿಟ್ಟ ವೃತ್ತಾಂತಗಳಿವೆ. ಆ ಪೇಟೆಯಲ್ಲಿ ಕಣ್ಣಾರೆ ನಡೆದಾಡಿದವನ ನಾಲ್ಕು ಪುಟ ನನಗೆ ಈಗ ನಾನೂರು ಪುಟದ ಕಲ್ಪನೆಗಿಂತ ರುಚಿಸುತ್ತದೆ. ಇದು ಕಾದಂಬರಿಯ ದೋಷವಲ್ಲ, ನನ್ನ ವಯಸ್ಸಿನ ಗುಣ ಇದ್ದೀತು.

ಮೂರು ವರ್ಷಗಳ ಹಿಂದೆ ನಾವು ಬಸವೇಶ್ವರನಗರದ ಮನೆಯನ್ನು ಬಿಟ್ಟು ವಿಜಯನಗರದ ಒಂದು ಸಣ್ಣ ಫ್ಲಾಟಿಗೆ ಬಂದೆವು. ಮಕ್ಕಳು ದೂರದೂರಿನಲ್ಲಿದ್ದಾರೆ, ದೊಡ್ಡ ಮನೆಯನ್ನು ಗುಡಿಸುವುದೇ ನಮ್ಮಿಬ್ಬರಿಗೆ ಭಾರವಾಗಿತ್ತು. ಹದಿನೆಂಟು ಪೆಟ್ಟಿಗೆ ಪುಸ್ತಕಗಳಿದ್ದುವು. ಹೊಸ ಮನೆಯಲ್ಲಿ ನಾಲ್ಕಕ್ಕೆ ಜಾಗ. “ನೀವೇ ಆರಿಸಿ, ಆಮೇಲೆ ನನ್ನನ್ನ ಅನ್ನಬೇಡಿ” ಎಂದು ನನ್ನ ಹೆಂಡತಿ ಬಾಗಿಲು ಹಾಕಿಕೊಂಡು ಹೋದಳು. ಹದಿನೈದು ದಿನ ಬೇಕಾಯಿತು. ಕಾದಂಬರಿಗಳಲ್ಲಿ ‘ಮಲೆಗಳಲ್ಲಿ ಮದುಮಗಳು’, ‘ಕರ್ವಾಲೋ’, ‘ಮರಳಿ ಮಣ್ಣಿಗೆ’ ಉಳಿದುವು. ವಿಮರ್ಶೆ ಹೆಚ್ಚೂಕಡಿಮೆ ಪೂರ್ತಿ ಹೊರಟಿತು. ವಿಮರ್ಶಕ ಮಿತ್ರರು ಕ್ಷಮಿಸಬೇಕು. ‘ಫಣಿಯಮ್ಮ’ ಮತ್ತು ‘ಶರಪಂಜರ’ಗಳನ್ನು ಯಾರೂ ಕೇಳುವ ಮೊದಲೇ ಮೊದಲ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ‘ಇತರ’ವಂತೂ ಒಂದೂ ಕದಲಲಿಲ್ಲ.

ಕಳೆದುಕೊಂಡದ್ದಕ್ಕೆ ಅಳಲು ನನಗೆ ಹಕ್ಕಿಲ್ಲ, ಏಕೆಂದರೆ ಹೊಸ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಹಂಪಿನಗರದ ಸಾರ್ವಜನಿಕ ಗ್ರಂಥಾಲಯವಿದೆ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವೆಲ್ಲ ಮನೆ ಕಂದಾಯದ ಜೊತೆ ಗ್ರಂಥಾಲಯದ ಕರವನ್ನೂ ಕಟ್ಟುತ್ತೇವೆ. ಕಟ್ಟಿದ ಮೇಲೆ ಒಳಗೆ ಕಾಲಿಡುವವರು ಕಡಿಮೆ. ಅಲ್ಲಿ ಹುಡುಗ ಹುಡುಗಿಯರು ಪರೀಕ್ಷೆಗಳಿಗೆ ಓದುತ್ತಿರುತ್ತಾರೆ. ಒಂದು ದಿನ ಅವರಲ್ಲೊಬ್ಬಳು ಮಾರ್ಗದರ್ಶಿ ಪುಸ್ತಕವನ್ನು 4 ಗಂಟೆಗೆ ಮುಚ್ಚಿಟ್ಟು, ಪಕ್ಕದ ಬೀರುವಿನಿಂದ ‘ಹಳ್ಳಿಯ ಚಿತ್ರಗಳು’ ತೆಗೆದು ಓದತೊಡಗಿದಳು. ಸ್ವಲ್ಪ ಹೊತ್ತಿಗೆ ಬಾಯಿಗೆ ದುಪ್ಪಟ್ಟ ಅಡ್ಡವಿಟ್ಟು ನಗುವುದು ಕಾಣಿಸಿತು. ಯಾವ ಪ್ರಸಂಗವೆಂದು ಕೇಳಬೇಕೆನಿಸಿತು, ಗ್ರಂಥಾಲಯದಲ್ಲಿ ಮಾತನಾಡಬಾರದಲ್ಲ!

ನನ್ನ ಸಾಲಿನಲ್ಲಿ ಸದ್ಯ ಒಂದು ತೆರಪು ಇದೆ. ‘ಜ್ಞಾಪಕ ಚಿತ್ರಶಾಲೆ’ಯ ‘ಕಲೋಪಾಸಕರು’ ಸಂಪುಟವನ್ನು ಕೆಂಗೇರಿಯ ಸ್ನೇಹಿತರೊಬ್ಬರು ಓದಿ ಕೊಡುತ್ತೇನೆಂದು ಒಯ್ದು ಆರು ವರ್ಷವಾಯಿತು. ಕೇಳಿದಾಗಲೆಲ್ಲ, “ಇನ್ನೂ ಎರಡು ಅಧ್ಯಾಯ ಉಳಿದಿದೆ ಸ್ವಾಮಿ, ಅವಸರದಲ್ಲಿ ಓದುವ ಪುಸ್ತಕವೇ ಅದು?” ಎನ್ನುತ್ತಾರೆ. ಮೊದಲು, ಅಷ್ಟು ದೂರ ಬಸ್ಸಿನಲ್ಲಿ ಯಾರು ಹೋಗುತ್ತಾರೆ ಎಂದು ಸುಮ್ಮನಿದ್ದೆ. 2021ರಿಂದ ಕೆಂಗೇರಿಗೂ ಮೆಟ್ರೋ ಹೋಗುತ್ತದೆ. ಬರುವ ಭಾನುವಾರ ಚೀಲ ಹಿಡಿದುಕೊಂಡು ಹೊರಡಬೇಕೆಂದಿದ್ದೇನೆ.